ಟಿಕೆಟ್ ಕೊಡುವವರು ಯಾರು?

ಮೂರೂ ಅಧಿಕಾರಗಳು ಒಂದೇ ಕೈ ಸೇರುವುದೇ ದಬ್ಬಾಳಿಕೆ ಎಂದು 1788ರಲ್ಲಿ ಅಮೆರಿಕದ ಜೇಮ್ಸ್ ಮ್ಯಾಡಿಸನ್ ಬರೆದರು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳು ತಂತಮ್ಮ ಅಧಿಕಾರ ಉಳಿಸಿಕೊಳ್ಳುವ ಹಟದಲ್ಲಿ ಪರಸ್ಪರ ಕಾವಲು ಕಾಯುತ್ತವೆ ಎಂಬುದು ಅವರ ನಂಬಿಕೆ. ಇಂದಿನಂಥ ಶಿಸ್ತಿನ ಪಕ್ಷಗಳು ಆಗ ಇರಲಿಲ್ಲ. ಎಲ್ಲ ಕಡೆಯೂ ಒಂದೇ ಪಕ್ಷದವರು ಕುಳಿತರೆ ಕಾವಲು ಯಾರದು?

ಈ ಪ್ರಶ್ನೆಗೆ ನಾನು ಮತ್ತೆ ಮತ್ತೆ ನೆನೆಯುವುದು 1937ರ ಅಮೆರಿಕವನ್ನು. ಹಿಂದಿನ ವರ್ಷವಷ್ಟೇ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರನ್ನು ಆರಿಸಲು ರಾಜ್ಯಗಳ ಪ್ರತಿನಿಧಿಗಳು ಹಾಕುವ 531 ಚುನಾಯಕ ಮತಗಳಲ್ಲಿ 523ನ್ನು ಬಾಚಿಕೊಂಡಿದ್ದರು. ಎರಡೂ ಸದನಗಳ ಮುಕ್ಕಾಲು ಭಾಗಕ್ಕೂ ಹೆಚ್ಚು ಸದಸ್ಯರು ಅವರ ಡೆಮಾಕ್ರಟಿಕ್ ಪಕ್ಷದವರು. ಎದುರಿಗೆ ಉಳಿದಿದ್ದುದು ಅವರ ಕಾನೂನುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದ ಸುಪ್ರೀಂ ಕೋರ್ಟ್ ಮಾತ್ರ. 70 ದಾಟಿಯೂ ನಿವೃತ್ತರಾಗದ ಪ್ರತಿ ನ್ಯಾಯಮೂರ್ತಿಗೆ ಒಬ್ಬರಂತೆ, ಆರು ಮಂದಿಯವರೆಗೆ ಹೊಸಬರನ್ನು ನೇಮಿಸುವ ಮಸೂದೆಯನ್ನು ಅವರು ಫೆಬ್ರುವರಿಯಲ್ಲಿ ಮುಂದಿಟ್ಟರು. ಒಂಬತ್ತು ಜನರ ಪೀಠ ಹದಿನೈದಕ್ಕೆ ಏರಬಹುದಿತ್ತು.

ಅದನ್ನು ತಡೆದದ್ದು ಬೆರಳೆಣಿಕೆಯ ವಿರೋಧ ಪಕ್ಷವಲ್ಲ. ಮೊಂಟಾನದ ಸೆನೆಟರ್ ಬರ್ಟನ್ ವೀಲರ್ ಸೇರಿದಂತೆ ರೂಸ್‌ವೆಲ್ಟರ ಸ್ವಪಕ್ಷೀಯರೇ ಎದುರು ನಿಂತರು. ಜುಲೈ 22ರಂದು ಸೆನೆಟ್ 70–20 ಮತಗಳಿಂದ ಮಸೂದೆಯನ್ನು ಸಮಿತಿಗೆ ಹಿಂದಕ್ಕೆ ಕಳುಹಿಸಿತು. ಅದು ಅಲ್ಲಿಯೇ ಸತ್ತಿತು. ಮರುವರ್ಷ ರೂಸ್‌ವೆಲ್ಟ್ ತಮ್ಮನ್ನು ಧಿಕ್ಕರಿಸಿದ ಕೆಲವು ಸೆನೆಟರ್‌ಗಳನ್ನು, ಅಭ್ಯರ್ಥಿ ಯಾರೆಂದು ಮತದಾರರೇ ತೀರ್ಮಾನಿಸುವ ಪಕ್ಷದ ಒಳಚುನಾವಣೆಯಲ್ಲಿ ಸೋಲಿಸಲು ತಾವೇ ಪ್ರಚಾರಕ್ಕಿಳಿದರು. ಜಾರ್ಜಿಯದ ವಾಲ್ಟರ್ ಜಾರ್ಜ್, ಮೇರಿಲ್ಯಾಂಡಿನ ಮಿಲ್ಲರ್ಡ್ ಟೈಡಿಂಗ್ಸ್ ಇಬ್ಬರೂ ಗೆದ್ದು ಬಂದರು. ಅವರ ಟಿಕೆಟ್ ಇದ್ದದ್ದು ಊರಿನ ಮತದಾರರ ಕೈಯಲ್ಲಿ, ಅಧ್ಯಕ್ಷರ ಜೇಬಿನಲ್ಲಲ್ಲ. ಇಡೀ ಕಥೆಯ ಕೀಲಿ ಇದೇ ಎಂಬುದು ನನ್ನ ದೃಢ ಅಭಿಪ್ರಾಯ.

ಮೆಕ್ಸಿಕೊದಲ್ಲಿ ನಡೆದದ್ದು ಇದಕ್ಕೆ ತೀರಾ ವಿರುದ್ಧ. ಅಲ್ಲಿ 1929ರಲ್ಲಿ ಹುಟ್ಟಿದ ಪಕ್ಷವೊಂದು ಹೆಸರು ಬದಲಿಸಿಕೊಳ್ಳುತ್ತಾ 2000ದವರೆಗೆ ಅಧ್ಯಕ್ಷ ಪದವಿಯನ್ನು ಬಿಟ್ಟುಕೊಡಲಿಲ್ಲ. ಚುನಾವಣೆಗಳು ತಪ್ಪದೆ ನಡೆದವು. ಆದರೆ 1933ರ ತಿದ್ದುಪಡಿ ಶಾಸಕರು ಸತತ ಎರಡನೆಯ ಬಾರಿ ಸ್ಪರ್ಧಿಸುವುದನ್ನು ನಿಷೇಧಿಸಿತ್ತು. ಅವಧಿ ಮುಗಿದ ಮೇಲೆ ಮುಂದಿನ ಹುದ್ದೆಗೆ ಪಕ್ಷದ ಕೃಪೆಯೇ ಗತಿ. ಮತದಾರನ ಮುನಿಸಿಗೆ ಬೆಲೆಯಿಲ್ಲ. ಹಾಗಾಗಿ ಸಂಸತ್ತು ದಶಕಗಳ ಕಾಲ ಅಧ್ಯಕ್ಷರ ಮಸೂದೆಗಳಿಗೆ ಠಸ್ಸೆ ಒತ್ತುವ ಕಚೇರಿಯಾಯಿತು. ತನ್ನ ಉತ್ತರಾಧಿಕಾರಿ ಯಾರೆಂದು ಅಧ್ಯಕ್ಷರೇ ಗೊತ್ತುಮಾಡುತ್ತಿದ್ದರು. ಈ ಪದ್ಧತಿಗೆ ಜನ ಇಟ್ಟ ಹೆಸರು ‘ದೆದಾಸೊ’, ಅಂದರೆ ಬೆರಳು ತೋರಿಸಿ ಆರಿಸುವುದು.

ಹಂಗೇರಿಯಲ್ಲಿ ಎಲ್ಲವೂ ಬೇಗ ನಡೆಯಿತು. 2010ರಲ್ಲಿ ವಿಕ್ಟರ್ ಓರ್ಬಾನ್ ಅವರ ಫಿದೆಸ್ ಕೂಟ ಸುಮಾರು 53% ಮತ ಪಡೆದು ಮೂರನೆಯ ಎರಡರಷ್ಟು ಸ್ಥಾನ ಗೆದ್ದಿತು. ಸಂವಿಧಾನ ಬದಲಿಸಲು ಅಷ್ಟು ಸಾಕಿತ್ತು. ಮರುವರ್ಷವೇ ಹೊಸ ಸಂವಿಧಾನ ಅಂಗೀಕಾರವಾಯಿತು. ಜೊತೆಗೆ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಲಾಯಿತು. ಹಿರಿಯರೆಲ್ಲ ಒಟ್ಟಿಗೆ ಮನೆಗೆ ನಡೆದರು. 1937ರಲ್ಲಿ ಅಮೆರಿಕದ ಸೆನೆಟ್ ತಡೆದ ಕೆಲಸವನ್ನು ಇಲ್ಲಿ ಸದ್ದಿಲ್ಲದೆ ಇನ್ನೊಂದು ಬಾಗಿಲಿನಿಂದ ಮಾಡಲಾಯಿತು. ಆಳುವ ಕೂಟದೊಳಗಿಂದ ವೀಲರ್‌ನಂಥವರು ಏಳಲಿಲ್ಲ. ಆ ಕ್ರಮ ತಪ್ಪೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರ ನವೆಂಬರ್‌ನಲ್ಲಿ ಹೇಳುವ ಹೊತ್ತಿಗೆ ಮನೆಗೆ ನಡೆದ ನ್ಯಾಯಾಧೀಶರಲ್ಲಿ ಅನೇಕರ ಕುರ್ಚಿಗಳಲ್ಲಿ ಹೊಸಬರು ಕುಳಿತಾಗಿತ್ತು.