ಟಾರ್ಗೆಟಿಂಗ್, ಟೈಲರಿಂಗ್: ನಾನು ಎಡವಿದ ಜಾಗ

ಆರೋಗ್ಯದ ಸಂದೇಶವನ್ನು ಕೇಳುವವರಿಗೆ ಹೊಂದಿಸುವ ಎರಡು ಬಗೆ ಇವು. ಎರಡೂ ಒಂದೇ ಅಂದುಕೊಂಡು ಪರೀಕ್ಷೆಗೆ ಎರಡು ವಾರ ಓದಿದೆ. ಮಾರ್ಕ್ಸ್ ಹೋದ ಮೇಲೆ ಬುದ್ಧಿ ಬಂತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಗುಂಪಿಗೆ ಹೊಂದಿಸುವುದು ಸುಲಭ. ಅವರ ಭಾಷೆ ಯಾವುದು, ಯಾರ ಮಾತು ಕೇಳುತ್ತಾರೆ, ಓದುತ್ತಾರೋ ಕೇಳಿಸಿಕೊಳ್ಳುತ್ತಾರೋ, ಇಷ್ಟು ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಇದು ಟಾರ್ಗೆಟಿಂಗ್.

ಎಡವಿದ್ದು ಮುಂದಿನದರಲ್ಲಿ, ಅಂದರೆ ಒಬ್ಬರಿಗೇ ಅಂತ ಹೊಂದಿಸುವ ಟೈಲರಿಂಗ್‌ನಲ್ಲಿ. ಸಿಗರೇಟು ಬಿಡುವ ಸಂದೇಶವನ್ನು 52 ವರ್ಷದ ಒಬ್ಬರಿಗೆ ಹೊಂದಿಸಿ ಅಂತ ಪ್ರಶ್ನೆ. ನಡುವಯಸ್ಸಿನ ಗಂಡಸರಿಗೆ ಬರೆದ ಕರಪತ್ರ ತೆಗೆದುಕೊಂಡೆ. ಮೇಲೆ ಅವರ ಹೆಸರು ಹಾಕಿದೆ, ಹೃದಯಾಘಾತದ ಬಗ್ಗೆ ನಾಲ್ಕು ಸಾಲು ಸೇರಿಸಿದೆ. ಟೈಲರಿಂಗ್ ಆಯ್ತು ಅಂದುಕೊಂಡೆ. ಆಗಿರಲಿಲ್ಲ. ವಯಸ್ಸು, ಲಿಂಗ, ಕೆಲಸ ನೋಡಿ ಬರೆದದ್ದು ಗುಂಪಿಗೆ ಬರೆದದ್ದೇ. ಹೆಸರು ಹಾಕಿದ್ದು ಸುಮ್ನೆ ಲಕೋಟೆ ಮೇಲೆ ವಿಳಾಸ ಬರೆದ ಹಾಗೆ.

ಟೈಲರಿಂಗ್ ಆಗಬೇಕಾದರೆ ಅವರನ್ನೇ ಕೇಳಬೇಕು. ಅವರ ಉತ್ತರ ಬದಲಾದರೆ ಸಂದೇಶವೂ ಬದಲಾಗಬೇಕು. ಹೆಸರಲ್ಲೇ ದರ್ಜಿ ಕೂತಿದ್ದಾನೆ, ಅಲ್ವಾ? ಹಾಗಾಗಿ ನನ್ನ ಶಾರ್ಟ್‌ಕಟ್ ಒಂದೇ: ಅಳತೆ ತೆಗೆದುಕೊಂಡ್ಯಾ?

ಅದೇ 52 ವರ್ಷದವರು ಹೀಗಂದರು ಅಂದುಕೊಳ್ಳಿ: "ಎರಡು ಸಲ ಬಿಟ್ಟಿದ್ದೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೈ ಅಲ್ಲಿಗೇ ಹೋಗುತ್ತೆ." ಇವರಿಗೆ ಶ್ವಾಸಕೋಶದ ಚಿತ್ರ ತೋರಿಸಿ ಏನು ಪ್ರಯೋಜನ? ಅದೆಲ್ಲ ಅವರಿಗೆ ಗೊತ್ತು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕಾದರೆ ಚಟ ಗಟ್ಟಿಯಾಗಿದೆ ಅಂತ ಲೆಕ್ಕ. ಆ ಅರ್ಧ ಗಂಟೆಯನ್ನು ಹೇಗೆ ದಾಟುವುದು, ನಿಕೋಟಿನ್ ಗಮ್ ಅಥವಾ ಪ್ಯಾಚ್ ಬಗ್ಗೆ ಯಾರನ್ನು ಕೇಳುವುದು, ಇದನ್ನು ಹೇಳಬೇಕು.

ಅದೇ ವಯಸ್ಸಿನ ಇನ್ನೊಬ್ಬರು "ನನಗೇನೂ ಆಗಿಲ್ಲ ಬಿಡಿ" ಅಂದರೆ? ಬಿಡುವ ದಿನಾಂಕ ಕೇಳಬೇಡಿ, ಮಾತು ಅಲ್ಲಿಗೇ ಮುಗಿಯುತ್ತದೆ. ಮನೋವಿಜ್ಞಾನಿಗಳಾದ ಪ್ರೊಚಾಸ್ಕಾ, ಡಿಕ್ಲೆಮೆಂಟೆ ಅವರ ಹಂತಗಳು ಬೇಕಾಗುವುದು ಇಲ್ಲೇ; ಬದಲಾಗಲು ಒಬ್ಬರು ಎಷ್ಟು ಸಿದ್ಧರಿದ್ದಾರೆ ಅಂತ ಅವು ಹೇಳುತ್ತವೆ. ಮುಂದಿನ 6 ತಿಂಗಳಲ್ಲಿ ಬಿಡುವ ಯೋಚನೆಯೇ ಇಲ್ಲದವರು ಮೊದಲ ಹಂತ. 30 ದಿನದೊಳಗೆ ಬಿಡಬೇಕು ಅಂತ ಹೊರಟವರು ತಯಾರಿಯ ಹಂತ. ಗೆರೆ 6 ತಿಂಗಳಿಗೇ ಯಾಕೆ, 5ಕ್ಕೆ ಯಾಕಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ಈ ಮಾದರಿಯ ಟೀಕಾಕಾರರೂ ಇದನ್ನೇ ಕೇಳಿದ್ದಾರೆ ಅಂತ ಗೊತ್ತಾಗಿ ಸಮಾಧಾನವಾಯಿತು. ಪರೀಕ್ಷೆಗೆ ಮಾತ್ರ ಆ ಅಂಕಿಗಳೇ ಬೇಕು.

ಹೊಲಿದದ್ದನ್ನು ತೊಡಿಸಿ ನೋಡಬೇಕಲ್ಲ, ಅದಕ್ಕೆ ಟೀಚ್-ಬ್ಯಾಕ್, ಅಂದರೆ ನಾವು ಹೇಳಿದ್ದನ್ನು ಅವರಿಂದಲೇ ಹೇಳಿಸಿ ಅಥವಾ ಮಾಡಿಸಿ ನೋಡುವುದು. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಮಗುವಿಗೆ ಈ ಸಿರಪ್ ಹೇಗೆ ಕೊಡ್ತೀರಿ, ತೋರಿಸಿ" ಅನ್ನಿ. ಒಂದು ಚಮಚ ಅಂತ ನೀವು ಹೇಳಿದ್ದು 5 ಮಿಲಿಲೀಟರ್. ಅವರ ಕೈಗೆ ದೊಡ್ಡ ಚಮಚ ಬಂದರೆ 15.