ತಾಯಂದಿರ ಲೆಕ್ಕದಲ್ಲಿ ಭೇದಿ ಒಂದೇ ಅಲ್ಲ: ಬಾಂಗ್ಲಾದೇಶದಿಂದ ಕಲಿತದ್ದು

ಸಮುದಾಯ ಆರೋಗ್ಯ ಪೇಪರಿನಲ್ಲಿ "ಮಕ್ಕಳ ಭೇದಿಯ ಬಗ್ಗೆ ತಾಯಂದಿರ ಗ್ರಹಿಕೆ" ಅಂತ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಬರೆಯುವುದು ಒಂದೇ ಉತ್ತರ. ತಿಳಿವಳಿಕೆ ಕಡಿಮೆ, ಮೂಢನಂಬಿಕೆ ಜಾಸ್ತಿ, ಹಾಗಾಗಿ ಆರೋಗ್ಯ ಶಿಕ್ಷಣ ಕೊಡಬೇಕು. ನಾನೂ ಹಾಗೇ ಬರೆದಿದ್ದೆ, ಮಾರ್ಕ್ಸೂ ಬಂತು. ಆದರೆ ಫೀಲ್ಡ್ ಪೋಸ್ಟಿಂಗ್‌ನಲ್ಲಿ ಒಂದು ಮನೆಯ ಜಗಲಿ ಮೇಲೆ ಕೂತಾಗ ಆ ಉತ್ತರ ಅಲ್ಲಾಡಿತು.

ಫಾರ್ಮ್‌ನಲ್ಲಿದ್ದ ಪ್ರಶ್ನೆ ಕೇಳಿದೆ. "ಅಕ್ಕ, ಈ ಹದಿನೈದು ದಿನದಲ್ಲಿ ಮಗುಗೆ ಭೇದಿ ಆಗಿತ್ತಾ?" "ಇಲ್ಲ ಸಿಸ್ಟರ್" ಅಂದರು. "ಇಲ್ಲ" ಅಂತ ಟಿಕ್ ಹಾಕಿದೆ. ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆ ಅಲ್ಲಿಂದಲೇ ಹೇಳಿದರು: "ಮೊನ್ನೆ ಐದಾರು ಸಲ ನೀರು ನೀರಾಗಿ ಹೋಯ್ತಲ್ಲೇ!" ಸೊಸೆ ತಿರುಗಿ, "ಅದು ಭೇದಿ ಅಲ್ಲ ಅತ್ತೆ, ಹಲ್ಲು ಬರ್ತಿರೋದಕ್ಕೆ" ಅಂದರು. ನಾನು ಹಾಕಿದ್ದ ಟಿಕ್ ಅಳಿಸಿದೆ. ಆಕೆ ಸುಳ್ಳು ಹೇಳಿರಲಿಲ್ಲ. ನನ್ನ "ಭೇದಿ" ಬೇರೆ, ಆಕೆಯ "ಭೇದಿ" ಬೇರೆ, ಅಷ್ಟೇ.

ನಮ್ಮ ಪಠ್ಯದ ಪ್ರಕಾರ 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ ಅದು ಭೇದಿ. ಮಗುವಿನ ಮಾಮೂಲಿ ಲೆಕ್ಕಕ್ಕಿಂತ ಜಾಸ್ತಿ ಸಲ ಆದರೂ ಭೇದಿಯೇ. ಬರೀ ಎದೆಹಾಲು ಕುಡಿಯುವ ಕೂಸು ದಿನಕ್ಕೆ ಹಲವು ಸಲ ಮೆತ್ತಗೆ ಹೋಗುವುದು ಮಾತ್ರ ಇದರಲ್ಲಿ ಸೇರುವುದಿಲ್ಲ. ಇಷ್ಟು ನೆನಪಿಟ್ಟುಕೊಂಡು ಬಾಂಗ್ಲಾದೇಶಕ್ಕೆ ಹೋಗೋಣ. ಈ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. 1971ರ ಬಾಂಗ್ಲಾದೇಶ ಯುದ್ಧದ ಸಮಯದಲ್ಲಿ ಅಲ್ಲಿಂದ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೇ ಹೋಯಿತು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್‌ಗಳಲ್ಲಿ ಇಡಿಸಿದರು. ಕುಡಿಸಿದವರು ಹೆಚ್ಚಾಗಿ ರೋಗಿಗಳ ಮನೆಯವರೇ. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಕೈಹಿಡಿದುಕೊಂಡೇ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಭೇದಿ ಜೋರಾಗಿದ್ದಾಗಲೂ ಈ ದಾರಿ ಮುಚ್ಚುವುದಿಲ್ಲ. ಓಆರ್‌ಎಸ್, ಅಂದರೆ ಹೋದ ನೀರು-ಉಪ್ಪು ತುಂಬಲು ಬಾಯಿಂದ ಕುಡಿಸುವ ದ್ರಾವಣ, ಅದರ ಗುಟ್ಟು ಇದು.

ನರ್ಸ್ ಇಲ್ಲದೆ ಮನೆಯವರೇ ಕುಡಿಸಬಹುದು ಅಂತಾದರೆ, ಹಳ್ಳಿಯ ಪ್ರತಿ ತಾಯಿಗೂ ಕಲಿಸಬಹುದಲ್ವಾ? ಬಾಂಗ್ಲಾದೇಶದ ಸ್ವಯಂಸೇವಾ ಸಂಸ್ಥೆ ಬ್ರಾಕ್ ಅದನ್ನೇ ಮಾಡಿತು. 1980ರಿಂದ 1990ರವರೆಗೆ ಅದರ ಕಾರ್ಯಕರ್ತೆಯರು ಮನೆಮನೆಗೆ ಹೋಗಿ 1.2 ಕೋಟಿಗೂ ಹೆಚ್ಚು ಮನೆಗಳಲ್ಲಿ ಕಲಿಸಿದರು. ಪ್ಯಾಕೆಟ್ ಇಲ್ಲ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಹೆಸರು ಲೊಬೊನ್-ಗುಡ್, ಅಂದರೆ ನಮ್ಮ ಉಪ್ಪು-ಬೆಲ್ಲ. ಮನೆಯದೇ ಪಾತ್ರೆಗೆ ಅರ್ಧ ಸೇರಿನ ಗುರುತು ಹಾಕಿ, ತಾಯಿಯ ಕೈಯಿಂದಲೇ ಮಾಡಿಸುತ್ತಿದ್ದರು. ಆಮೇಲೆ ಇನ್ನೊಬ್ಬರು ಬಂದು ಕೆಲವು ಮನೆಗಳಲ್ಲಿ ತಾಯಿಗೆ ಎಷ್ಟು ನೆನಪಿದೆ ಅಂತ ಪರೀಕ್ಷೆ ಮಾಡುತ್ತಿದ್ದರು. ತಾಯಿಗೆ ಚೆನ್ನಾಗಿ ನೆನಪಿದ್ದರೆ ಕಾರ್ಯಕರ್ತೆಗೆ ಸಂಬಳ ಜಾಸ್ತಿ. ನಮ್ಮ ಮೇಷ್ಟ್ರುಗಳಿಗೂ ಹೀಗೇ ಸಂಬಳ ಕೊಟ್ಟಿದ್ದರೆ ಅಂತ ಒಂದು ಕ್ಷಣ ಯೋಚಿಸಿ ನಕ್ಕೆ.

ತಾಯಂದಿರು ಪಾಠ ಒಪ್ಪಿಸಿದರು, ದ್ರಾವಣವನ್ನೂ ಸರಿಯಾಗಿ ಮಾಡಿ ತೋರಿಸಿದರು. ಆದರೆ ಮಗುವಿಗೆ ಹೊಟ್ಟೆ ಕೆಟ್ಟಾಗ ಕುಡಿಸಿದ್ದರೇ? ಮೊದಮೊದಲು ನೂರಕ್ಕೆ ಹತ್ತು ಸಲವೂ ಇಲ್ಲ! ತಿಳಿವಳಿಕೆ ಇದೆ, ಬಳಕೆ ಇಲ್ಲ. "ತಿಳಿವಳಿಕೆ ಕಡಿಮೆ" ಅನ್ನುವ ನಮ್ಮ ಉತ್ತರ ಬೀಳುವುದು ಇಲ್ಲೇ.

ಯಾಕೆ ಹೀಗೆ ಅಂತ ಹುಡುಕಿ ನೋಡಿದಾಗ ಸಿಕ್ಕಿದ್ದು ನಾಲ್ಕು ಹೆಸರು. ನಾವು ಭೇದಿ ಅಂತ ಒಂದೇ ಚೀಲಕ್ಕೆ ತುಂಬಿದ್ದನ್ನು ಆ ತಾಯಂದಿರು ನಾಲ್ಕು ಕಾಯಿಲೆಯಾಗಿ ನೋಡುತ್ತಿದ್ದರು. ದೂಧ್ ಹಾಗಾ ಅಂದರೆ ಹಾಲು ಕುಡಿಯುವ ಕೂಸಿಗೆ ಆಗುವುದು, ಎದೆಹಾಲು ಕೆಟ್ಟಿದ್ದರಿಂದ ಬಂದದ್ದು. ಅಜೀರ್ಣ ಅಂದರೆ ತಿಂದದ್ದು ಅರಗದೆ ಆಗುವುದು. ಆಮಾಶಾ ಅಂದರೆ ಲೋಳೆ, ಕೆಲವೊಮ್ಮೆ ರಕ್ತ. ನಮ್ಮ ಆಮಶಂಕೆ ನೆನಪಾಯಿತಾ? ಕೊನೆಯದು ಡಾಯರಿಯಾ. ಕಾಲರಾದಂತೆ ನೀರು ಸುರಿದು ಆಳನ್ನೇ ಮಲಗಿಸುವ ಕಾಯಿಲೆ.

ಕಾರ್ಯಕರ್ತೆಯರು ಪಾಠದಲ್ಲಿ ಬಳಸಿದ ಪದ ಯಾವುದು? ಡಾಯರಿಯಾ. ತಾಯಂದಿರು ಹೇಳಿದ್ದನ್ನು ಹೇಳಿದ ಹಾಗೇ ಕೇಳಿಸಿಕೊಂಡರು: ಇದು ಆ ದೊಡ್ಡ ಕಾಯಿಲೆಗೆ. ಮಗುವಿಗೆ ಅಜೀರ್ಣ ಆದಾಗ ಇದನ್ನು ಯಾಕೆ ಕುಡಿಸಬೇಕು? ದ್ರಾವಣದ ಬಳಕೆ ಡಾಯರಿಯಾಕ್ಕೇ ಹೆಚ್ಚಿತ್ತು. ಆದರೆ ಒಟ್ಟು ಭೇದಿಯಲ್ಲಿ ಡಾಯರಿಯಾದ ಪಾಲು ಚಿಕ್ಕದು. ಹಾಗಾಗಿ ಒಟ್ಟು ಲೆಕ್ಕ ಪಾತಾಳದಲ್ಲಿತ್ತು. ದೂಧ್ ಹಾಗಾದ ತರ್ಕವಂತೂ ಇನ್ನೂ ನೇರ. ಕೆಟ್ಟಿರುವುದು ತಾಯಿಯ ಹಾಲು ಅಂತಾದರೆ ಮಗುವಿಗೆ ನೀರು ಕುಡಿಸಿ ಏನು ಪ್ರಯೋಜನ? ಮದ್ದು ಬೇಕಿರುವುದು ತಾಯಿಗೆ. ಆರಂಭದ ಮಾತು ತಪ್ಪಿರಬಹುದು, ಅಲ್ಲಿಂದ ಮುಂದಿನ ಲೆಕ್ಕ ತಪ್ಪಿಲ್ಲ.

ಇನ್ನೂ ಎರಡು ಕಾರಣ ಸಿಕ್ಕವು. ಕಲಿಸುವ ಕಾರ್ಯಕರ್ತೆಯರಲ್ಲೇ ಹಲವರಿಗೆ ದ್ರಾವಣದ ಮೇಲೆ ನಂಬಿಕೆ ಇರಲಿಲ್ಲ, ತಮಗೇ ಹೊಟ್ಟೆ ಕೆಟ್ಟಾಗ ಮಾತ್ರೆ ನುಂಗುತ್ತಿದ್ದರು. ಅದಕ್ಕೇ ಅವರಿಗೂ ಆಸ್ಪತ್ರೆಯಲ್ಲಿ ರೋಗಿಗಳು ಚೇತರಿಸಿಕೊಳ್ಳುವುದನ್ನು ಕಣ್ಣಾರೆ ತೋರಿಸಬೇಕಾಯಿತು. ಇನ್ನೊಂದು, ಗಂಡಸರನ್ನು ಪಾಠದಿಂದ ಹೊರಗಿಟ್ಟದ್ದು. ಆಮೇಲೆ ಬಜಾರು, ಮಸೀದಿಗಳಲ್ಲೂ ಮಾತಾಡಿದರು. ಮದ್ದಿಗೆ ದುಡ್ಡು ಬಿಚ್ಚುವವರು ಯಾರು, ಅಜ್ಜಿಯ ಮಾತು ಎಷ್ಟು ನಡೆಯುತ್ತದೆ ಅಂತ ಕೇಳದೆ ಬರೀ "ತಾಯಿಯ ಗ್ರಹಿಕೆ" ಅಂತ ಬರೆದರೆ ಉತ್ತರ ಕುಂಟುತ್ತದೆ.

ಇನ್ನು ನೆತ್ತಿಯ ವಿಷಯ. ಇದು ನನಗೆ ತುಂಬಾ ಇಷ್ಟವಾದ ಭಾಗ. ಮೆಕ್ಸಿಕೋದ ಹಳ್ಳಿಗಳಲ್ಲಿ "ಮಗುವಿನ ನೆತ್ತಿ ಬಿದ್ದಿದೆ, ಅದಕ್ಕೇ ಭೇದಿ" ಅನ್ನುತ್ತಾರೆ. ಬಿದ್ದದ್ದನ್ನು ಮೇಲೆತ್ತಲು ಬಾಯೊಳಗೆ ಬೆರಳಿಟ್ಟು ಅಂಗುಳ ಒತ್ತುತ್ತಾರೆ, ಕೂಸನ್ನು ತಲೆಕೆಳಗಾಗಿ ಹಿಡಿಯುವುದೂ ಉಂಟು. ಪಾಕಿಸ್ತಾನದ ಹಳ್ಳಿಗಳಲ್ಲೂ ನೆತ್ತಿ ಕುಳಿ ಬೀಳುವುದನ್ನೇ ಒಂದು ಕಾಯಿಲೆ ಅಂತ ನೋಡಿ, ನೆತ್ತಿಗೆ ಅಂಟಿನಂಥದ್ದನ್ನು ಹಚ್ಚುವ ರೂಢಿ ದಾಖಲಾಗಿದೆ. ನಗುವ ಮೊದಲು ನಮ್ಮ ಪುಸ್ತಕ ತೆರೆಯಿರಿ. ಕೂಸಿನ ದೇಹದ ನೀರು ಬತ್ತಿದ್ದಕ್ಕೆ ಗುರುತುಗಳು ಯಾವುವು? ಗುಳಿಬಿದ್ದ ಕಣ್ಣು, ಹಿಂಡಿದರೆ ನಿಧಾನಕ್ಕೆ ಇಳಿಯುವ ಚರ್ಮ, ಕುಳಿಬಿದ್ದ ನೆತ್ತಿ. ಡಾಕ್ಟರು ನೋಡುವ ಗುರುತನ್ನೇ ತಾಯಿ ನೋಡಿದ್ದಾಳೆ. ಬಾಣದ ದಿಕ್ಕು ಮಾತ್ರ ತಿರುಗಿದೆ. ಆಕೆಗೆ ನೆತ್ತಿ ಬಿದ್ದದ್ದರಿಂದ ಭೇದಿ, ನಮಗೆ ಭೇದಿಯಿಂದ ನೆತ್ತಿ ಬಿತ್ತು. ಅಂಥ ತಾಯಿಗೆ "ನೆತ್ತಿ ಗಿತ್ತಿ ಏನಿಲ್ಲ" ಅನ್ನುವುದಕ್ಕಿಂತ, "ನೆತ್ತಿ ಮೇಲೆ ಬರಬೇಕು ಅಂದರೆ ಈ ನೀರು ಕುಡಿಸಿ, ಆಸ್ಪತ್ರೆಗೂ ಹೊರಡಿ" ಅನ್ನುವುದು ಎಷ್ಟೋ ಮೇಲು. ಅದು ಸುಳ್ಳೂ ಅಲ್ಲ.

ತಾಯಂದಿರ ಇನ್ನೊಂದು ದೂರನ್ನು ನಾವು ಸುಮ್ನೆ ತಳ್ಳಿಹಾಕುತ್ತೇವೆ: "ಕುಡಿಸಿದೆ, ನಿಲ್ಲಲೇ ಇಲ್ಲ." ಅವರು ಹೇಳುವುದು ನಿಜ. ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ, ಹೋದ ನೀರು-ಉಪ್ಪನ್ನು ತುಂಬಿಕೊಡುತ್ತದೆ. ಮದ್ದು ಅಂದರೆ ನಿಲ್ಲಿಸಬೇಕು ಅನ್ನುವವರಿಗೆ ಇದನ್ನು ಮೊದಲೇ ಹೇಳದಿದ್ದರೆ ಎರಡನೇ ಸಲ ಅವರು ಕುಡಿಸುವುದಿಲ್ಲ. ಭೇದಿ ಬೇಗ ನಿಲ್ಲಲು ನೆರವಾಗುವುದು ಜಿಂಕ್. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಚಿಕ್ಕ ಕೂಸಿಗೆ 10, ಹತ್ತರಿಂದ ಹದಿನಾಲ್ಕು ದಿನ. 2004ರಿಂದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಓಆರ್‌ಎಸ್, ಜಿಂಕ್ ಎರಡನ್ನೂ ಒಟ್ಟಿಗೇ ಕೊಡಿ ಅಂತ ಹೇಳುತ್ತಿವೆ. ಪರೀಕ್ಷೆಗೆ ಬೇಕಾದ ಅಂಕಿ: ನಮ್ಮ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕವರು ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 50.6, ಐದನೆಯದರಲ್ಲಿ 60.6. ಈ ಸಮೀಕ್ಷೆಯೂ ಕೇಳುವುದು ಹಿಂದಿನ ಎರಡು ವಾರದ ಭೇದಿಯನ್ನೇ. ಆ ಜಗಲಿಯ ಅಕ್ಕನಂಥವರು ಎಷ್ಟು ಜನ "ಇಲ್ಲ" ಅಂದಿರಬಹುದು ಅನ್ನುವ ಅನುಮಾನ ನನಗೆ ಈಗ ಬಿಡುವುದಿಲ್ಲ.

ಒಂದು ಎಚ್ಚರಿಕೆ. ಚಿಟಿಕೆ-ಮುಷ್ಟಿಯ ಲೆಕ್ಕವನ್ನು ಇತಿಹಾಸವಾಗಿ ಓದಿ, ಇವತ್ತು ಓಆರ್‌ಎಸ್ ಪ್ಯಾಕೆಟ್ಟೇ ಬಳಸಿ. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿಯುವವರನ್ನು ನಾನೇ ನೋಡಿದ್ದೇನೆ. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ.

ಈಗ ನಾನು ಫಾರ್ಮ್‌ನ ಪ್ರಶ್ನೆಯನ್ನು ಕೊನೆಗೆ ಕೇಳುತ್ತೇನೆ. ಮೊದಲು, "ಮಗು ಹೊಟ್ಟೆ ಹೇಗಿದೆ? ದಿನಕ್ಕೆ ಎಷ್ಟು ಸಲ ಹೋಗುತ್ತೆ? ಹೇಗಿರುತ್ತೆ? ಅದಕ್ಕೆ ನಿಮ್ಮ ಕಡೆ ಏನಂತೀರಿ?" ಹೀಗೆ ಕೇಳಿದರೆ ಜುಲಾಬು, ಆಮಶಂಕೆ, ಹಲ್ಲಿನ ಭೇದಿ, ದೃಷ್ಟಿ ಎಲ್ಲ ಹೊರಗೆ ಬರುತ್ತವೆ. ಹೋದ ವಾರ ಒಬ್ಬ ಅಜ್ಜಿ ಮಾತ್ರ ಮೊಮ್ಮಗುವಿನ ಹೊಟ್ಟೆಯ ಸುದ್ದಿಗೇ ಬರಲಿಲ್ಲ. ಬಾಣಂತಿ ಸೊಸೆಯ ಕಡೆ ಕೈ ತೋರಿಸಿ, "ಇವಳು ಬದನೆಕಾಯಿ ತಿಂದಳು ಕಣಮ್ಮ, ನಂಜು. ಹಾಲಲ್ಲಿ ಇಳೀತು" ಅಂದರು. ನೋಟ್‌ಬುಕ್ಕಿನಲ್ಲಿ ಅದರ ಪಕ್ಕಕ್ಕೆ ದೂಧ್ ಹಾಗಾ ಅಂತ ಬರೆದುಕೊಂಡೆ.