ಎಂಬಪೆಗೆ 18 ಕೋಟಿ, ಎಂಬಪೆಗೆ ಸೊನ್ನೆ

2017ರ ಬೇಸಿಗೆಯ ಕೊನೆಯಲ್ಲಿ ಫ್ರಾನ್ಸ್‌ನ ಫುಟ್‌ಬಾಲ್ ಆಟಗಾರ ಕಿಲಿಯನ್ ಎಂಬಪೆ ಮೊನಾಕೊ ಕ್ಲಬ್ ಬಿಟ್ಟು ಪ್ಯಾರಿಸ್‌ನ ಪಿಎಸ್‌ಜಿ ಸೇರಿದರು. ಆಗ ಅವರಿಗೆ 18 ವರ್ಷ. ಮೊದಲ ವರ್ಷ ಲೋನ್ ಮೇಲೆ, ಅಂದರೆ ಎರವಲಾಗಿ, ಆಮೇಲೆ ಕಾಯಂ ಆಗಿ. ಬೆಲೆ 18 ಕೋಟಿ ಯೂರೋ.

2024ರ ಬೇಸಿಗೆಯಲ್ಲಿ ಅದೇ ಎಂಬಪೆ ರಿಯಲ್ ಮ್ಯಾಡ್ರಿಡ್‌ಗೆ ಹೊರಟರು. ವಯಸ್ಸು 25. ಅಷ್ಟರಲ್ಲಿ ಒಂದು ವಿಶ್ವಕಪ್ ಗೆದ್ದಿದ್ದರು. ಇನ್ನೊಂದು ವಿಶ್ವಕಪ್‌ನ ಫೈನಲ್‌ನಲ್ಲಿ ಹ್ಯಾಟ್ರಿಕ್ ಹೊಡೆದಿದ್ದರು. ಈ ಸಲ ಪಿಎಸ್‌ಜಿಗೆ ಸಿಕ್ಕ ಟ್ರಾನ್ಸ್‌ಫರ್ ಫೀ ಎಷ್ಟು ಗೊತ್ತಾ? ಸೊನ್ನೆ.

ಹುಡುಗನಾಗಿದ್ದಾಗ 18 ಕೋಟಿ, ಜಗತ್ತಿನ ದೊಡ್ಡ ಆಟಗಾರನಾದ ಮೇಲೆ ಏನೂ ಇಲ್ಲ. ವಿಚಿತ್ರ ಅನ್ನಿಸುತ್ತೆ ಅಲ್ವಾ? ಆದರೆ ಟ್ರಾನ್ಸ್‌ಫರ್ ಫೀ ಯಾತಕ್ಕೆ ಕೊಡುತ್ತಾರೆ ಅನ್ನುವುದು ಗೊತ್ತಾದರೆ ಇದು ಸರಳ. ಆಟಗಾರ ಹಳೆಯ ಕ್ಲಬ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಇನ್ನೂ ಉಳಿದಿರುವ ವರ್ಷಗಳನ್ನು ಹೊಸ ಕ್ಲಬ್ ಕೊಂಡುಕೊಳ್ಳುತ್ತದೆ. 2024ರಲ್ಲಿ ಎಂಬಪೆಯ ಒಪ್ಪಂದದಲ್ಲಿ ಒಂದು ದಿನವೂ ಉಳಿದಿರಲಿಲ್ಲ. ಕೊಳ್ಳೋಕೆ ಏನೂ ಇರಲಿಲ್ಲ. 2021ರಲ್ಲಿ ಇನ್ನೂ ಒಂದು ವರ್ಷ ಬಾಕಿ ಇದ್ದಾಗ ಮ್ಯಾಡ್ರಿಡ್ ಸುಮಾರು 16 ಕೋಟಿ ಯೂರೋ ಕೊಡಲು ಮುಂದೆ ಬಂದಿತ್ತು. ಪಿಎಸ್‌ಜಿ ಬೇಡ ಅಂದಿತ್ತು.

ಶುರುವಿನಲ್ಲಿ ಹೀಗಿರಲಿಲ್ಲ. ಇಂಗ್ಲೆಂಡಿನಲ್ಲಿ 1893ರಿಂದ ನಡೆದುಬಂದ ಪದ್ಧತಿಯಲ್ಲಿ ಒಪ್ಪಂದ ಮುಗಿದರೂ ಆಟಗಾರನ ನೋಂದಣಿ ಹಳೆಯ ಕ್ಲಬ್ ಕೈಯಲ್ಲೇ ಇರುತ್ತಿತ್ತು. ಕ್ಲಬ್ ಒಪ್ಪದಿದ್ದರೆ ಬೇರೆ ಕಡೆ ಆಡುವ ಹಾಗಿಲ್ಲ. 1905ರಲ್ಲಿ ಆಲ್ಫ್ ಕಾಮನ್ ಸಂಡರ್ಲ್ಯಾಂಡ್‌ನಿಂದ ಮಿಡಲ್ಸ್‌ಬರೋಗೆ ಹೋದಾಗ ಮೊದಲ ಬಾರಿಗೆ ಒಬ್ಬ ಆಟಗಾರನ ಬೆಲೆ 1,000 ಪೌಂಡ್ ಮುಟ್ಟಿತು. ಜನ ಬೆಚ್ಚಿಬಿದ್ದರು. ದುಡ್ಡು ಸುರಿದು ಲೀಗ್‌ನಲ್ಲಿ ಉಳಿದುಕೊಳ್ಳುತ್ತಿದ್ದಾರೆ ಅನ್ನುವ ದೂರು ಆಗಲೇ ಎದ್ದಿತ್ತು. ಅಂದರೆ ಈಗ ನಾವು ಪ್ರತಿ ಬೇಸಿಗೆ ಆಡುವ ಮಾತಿಗೆ ನೂರು ವರ್ಷ ದಾಟಿದೆ. 1928ರಲ್ಲಿ ಆರ್ಸೆನಲ್ ಡೇವಿಡ್ ಜಾಕ್‌ಗೆ 10,000 ಪೌಂಡ್‌ಗಿಂತ ಜಾಸ್ತಿ ಕೊಟ್ಟಿತು. 1975ರಲ್ಲಿ ನಪೋಲಿ ಜುಸೆಪ್ಪೆ ಸವೋಲ್ಡಿಗೆ ಕೊಟ್ಟಿದ್ದು 10 ಲಕ್ಷ ಪೌಂಡ್ ದಾಟಿತು.

ಅಷ್ಟು ವರ್ಷ ಈ ದುಡ್ಡು ಕ್ಲಬ್‌ನಿಂದ ಕ್ಲಬ್‌ಗೆ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ 1961ರ ತನಕ ಎಂಥ ದೊಡ್ಡ ಆಟಗಾರನಿಗೂ ವಾರಕ್ಕೆ 20 ಪೌಂಡ್‌ಗಿಂತ ಜಾಸ್ತಿ ಸಂಬಳ ಕೊಡುವ ಹಾಗಿರಲಿಲ್ಲ. ಈಗಿನವರಿಗೆ ಎಷ್ಟೊಂದು ಸಂಬಳ ಎಂದು ಬೇಸರಪಡುವವರು ಇದನ್ನೂ ನೆನಪಿಡಬೇಕು. ಆಗಲೂ ದುಡ್ಡಿತ್ತು, ಆಡುವವನ ಕೈಗೆ ಬರುತ್ತಿರಲಿಲ್ಲ. 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ತಮ್ಮ ಹಳೆಯ ಕ್ಲಬ್ ನ್ಯೂಕ್ಯಾಸಲ್ ವಿರುದ್ಧ ಕೋರ್ಟಿನಲ್ಲಿ ಗೆದ್ದ ಮೇಲೆ ಆ ಹಿಡಿತ ಸ್ವಲ್ಪ ಸಡಿಲವಾಯಿತು.

ಪೂರ್ತಿ ಬಿಚ್ಚಿದ್ದು ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್‌ಮನ್. ಅಷ್ಟೇನೂ ಹೆಸರು ಮಾಡಿದ ಆಟಗಾರ ಅಲ್ಲ. 1990ರಲ್ಲಿ ಆರ್‌ಎಫ್‌ಸಿ ಲಿಯೆಜ್ ಜೊತೆಗಿನ ಒಪ್ಪಂದ ಮುಗಿದಿತ್ತು. ಫ್ರಾನ್ಸ್‌ನ ಡಂಕರ್ಕ್‌ಗೆ ಹೋಗಬೇಕು ಅಂದುಕೊಂಡರು, ಹೋಗಲಾಗಲಿಲ್ಲ. ಐದು ವರ್ಷ ಕೋರ್ಟು ಅಲೆದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರ ಯುರೋಪಿಯನ್ ಒಕ್ಕೂಟದ ಒಳಗೆ ಫೀ ಇಲ್ಲದೆ ಬೇರೆ ದೇಶದ ಕ್ಲಬ್ ಸೇರಬಹುದು ಎಂದಿತು. ಅಷ್ಟು ಹೊತ್ತಿಗೆ ಬೋಸ್‌ಮನ್ ಅವರ ಆಡುವ ವಯಸ್ಸೇ ಕಳೆದುಹೋಗುತ್ತಿತ್ತು. ಇವತ್ತಿನ ಒಬ್ಬೊಬ್ಬ ಆಟಗಾರನೂ ಅವರಿಗೆ ಋಣಿ ಎಂದೇ ನನ್ನ ಭಾವನೆ.

ಇನ್ನು ಫೀಗಳು ಕುಸಿಯುತ್ತವೆ ಎಂದುಕೊಂಡವರು ಆಗ ಇದ್ದರು. ಆಗಿದ್ದು ಉಲ್ಟಾ. ಒಪ್ಪಂದ ಮುಗಿದರೆ ಕೈಗೆ ಏನೂ ಬರುವುದಿಲ್ಲ ಎಂದು ತಿಳಿದ ಕ್ಲಬ್‌ಗಳು ಉದ್ದುದ್ದ ಒಪ್ಪಂದ ಬರೆಸಿಕೊಳ್ಳತೊಡಗಿದವು. ಮುಗಿಯುವುದಕ್ಕೆ ಎರಡು ವರ್ಷ ಇರುವಾಗಲೇ ಹೊಸ ಒಪ್ಪಂದಕ್ಕೆ ಸಹಿ ಹಾಕು, ಇಲ್ಲವೇ ಮಾರುತ್ತೇವೆ ಅನ್ನುವ ರೂಢಿ ಬಂತು. ಉಳಿದ ವರ್ಷಗಳಿಗೆ ಬೆಲೆ ಬಂದಿದ್ದೇ ಆಗ. 1996ರಲ್ಲಿ ಅಲನ್ ಶಿಯರರ್ 1.5 ಕೋಟಿ ಪೌಂಡ್‌ಗೆ ನ್ಯೂಕ್ಯಾಸಲ್ ಸೇರಿದ್ದು ವಿಶ್ವದಾಖಲೆ. ಐದೇ ವರ್ಷದಲ್ಲಿ ಜಿದಾನ್ ರಿಯಲ್ ಮ್ಯಾಡ್ರಿಡ್‌ಗೆ ಹೋದಾಗ ಮೊತ್ತ 7.5 ಕೋಟಿ ಯೂರೋ ಮೀರಿತ್ತು.

ದುಡ್ಡು ಎಲ್ಲಿಂದ ಬಂತು? ದೊಡ್ಡ ಪಾಲು ಟಿವಿಯಿಂದ. 1992ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಶುರುವಾದಾಗ ಮೊದಲ ಟಿವಿ ಒಪ್ಪಂದ ಐದು ವರ್ಷಕ್ಕೆ 30.4 ಕೋಟಿ ಪೌಂಡ್. 2016ರಿಂದ ಮೂರು ವರ್ಷಕ್ಕೆ ಬ್ರಿಟನ್ನಿನ ಹಕ್ಕುಗಳಿಗಷ್ಟೇ ಬಂದಿದ್ದು 513.6 ಕೋಟಿ. ಜೊತೆಗೆ ಹೊಸ ಮಾಲೀಕರು. 2003ರಲ್ಲಿ ಚೆಲ್ಸಿಗೆ ರಷ್ಯಾದ ಶ್ರೀಮಂತ ಅಬ್ರಮೊವಿಚ್, 2008ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಅಬುಧಾಬಿ, 2011ರಲ್ಲಿ ಪಿಎಸ್‌ಜಿಗೆ ಕತಾರ್.

ಆಮೇಲೆ ಬಂತು 2017ರ ಆಗಸ್ಟ್. ಸ್ಪೇನ್‌ನಲ್ಲಿ ಆಟಗಾರರ ಒಪ್ಪಂದದಲ್ಲಿ ಬಿಡುಗಡೆಯ ಮೊತ್ತ ಬರೆದಿರುತ್ತಾರೆ. ಅಷ್ಟು ಕಟ್ಟಿದರೆ ಆಟಗಾರ ಸ್ವತಂತ್ರ. ನೇಮರ್‌ಗೆ ಬಾರ್ಸಿಲೋನಾ ಬರೆದದ್ದು 22.2 ಕೋಟಿ ಯೂರೋ. ಆಗಿನ ದಾಖಲೆ ಪೋಗ್ಬಾ ಹೆಸರಿನಲ್ಲಿತ್ತು, 10.5 ಕೋಟಿ. ಅದರ ಎರಡು ಪಟ್ಟನ್ನು ಯಾರು ಕೊಡುತ್ತಾರೆ ಎಂಬ ಧೈರ್ಯ ಬಾರ್ಸಿಲೋನಾದ್ದು. ಕೊಡಲು ಸಿದ್ಧವಾಗಿದ್ದು ಪಿಎಸ್‌ಜಿ. ನೇಮರ್ ಪರ ವಕೀಲರು ಚೆಕ್ ಹಿಡಿದು ಸ್ಪೇನ್‌ನ ಲೀಗ್ ಲಾ ಲಿಗಾದ ಕಚೇರಿಗೇ ಹೋದರು. ಲೀಗ್ ತೆಗೆದುಕೊಳ್ಳಲಿಲ್ಲ. ಕೊನೆಗೆ ನೇರವಾಗಿ ಬಾರ್ಸಿಲೋನಾಗೆ ದುಡ್ಡು ಕಟ್ಟಿದರು.

ಬೆಲೆ ಹೇಗೆ ಊದಿಕೊಳ್ಳುತ್ತದೆ ಅನ್ನುವುದು ಅದರ ಮುಂದಿನ ಆರು ತಿಂಗಳಲ್ಲಿ ಚೆನ್ನಾಗಿ ಕಾಣುತ್ತದೆ. ಬಾರ್ಸಿಲೋನಾ ಕೈಯಲ್ಲಿ 22 ಕೋಟಿ ಇದೆ, ಬದಲಿ ಆಟಗಾರ ಬೇಕೇ ಬೇಕು ಎಂದು ಇಡೀ ಯುರೋಪಿಗೆ ಗೊತ್ತು. ಮಾರುವವರು ಸುಮ್ನೆ ಬಿಡುತ್ತಾರಾ? ಒಂದು ವರ್ಷದ ಹಿಂದಷ್ಟೇ ಸುಮಾರು 1.5 ಕೋಟಿ ಯೂರೋಗೆ ಕೊಂಡಿದ್ದ ಉಸ್ಮಾನ್ ಡೆಂಬೆಲೆಗೆ ಡಾರ್ಟ್‌ಮಂಡ್ 10.5 ಕೋಟಿ ಕೇಳಿ ಪಡೆಯಿತು. ಮುಂದೆ ಸೇರಬೇಕಾದ ಮೊತ್ತ ಬೇರೆ. 2013ರಲ್ಲಿ 85 ಲಕ್ಷ ಪೌಂಡ್‌ಗೆ ಬಂದಿದ್ದ ಕುಟಿನ್ಯೊಗೆ ಲಿವರ್‌ಪೂಲ್ 2018ರ ಜನವರಿಯಲ್ಲಿ 10 ಕೋಟಿ ಪೌಂಡ್‌ಗಿಂತ ಎಷ್ಟೋ ಜಾಸ್ತಿ ತೆಗೆದುಕೊಂಡಿತು. ಅದೇ ವರ್ಷ ಲಿವರ್‌ಪೂಲ್ ವ್ಯಾನ್ ಡೈಕ್ ಮತ್ತು ಅಲಿಸನ್ ಅವರನ್ನು ದೊಡ್ಡ ಬೆಲೆಗೆ ತಂದಿತು. ಒಂದು ಚೆಕ್ ಕೈಯಿಂದ ಕೈಗೆ ಹೋದ ಹಾಗೆಲ್ಲ ಅಲ್ಲಲ್ಲಿ ಬೆಲೆ ಏರಿತು. ಬಾರ್ಸಿಲೋನಾಗೆ ಮಾತ್ರ ಅದು ದಕ್ಕಲಿಲ್ಲ. 2021ರ ಹೊತ್ತಿಗೆ ಸಾಲ 100 ಕೋಟಿ ಯೂರೋ ದಾಟಿ, ಮೆಸ್ಸಿಯನ್ನೇ ಉಳಿಸಿಕೊಳ್ಳಲಾಗಲಿಲ್ಲ.

ಇನ್ನೊಂದು ಕಾರಣ ಲೆಕ್ಕಪುಸ್ತಕದಲ್ಲಿದೆ. ಇದರ ಬಗ್ಗೆ ಮಾತು ಕಡಿಮೆ, ಆದರೆ ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಕ್ಲಬ್ ಒಬ್ಬ ಆಟಗಾರನಿಗೆ 10 ಕೋಟಿ ಕೊಟ್ಟರೆ ಆ ವರ್ಷದ ಖರ್ಚು 10 ಕೋಟಿ ಎಂದು ಬರೆಯುವುದಿಲ್ಲ. ಐದು ವರ್ಷದ ಒಪ್ಪಂದ ಇದ್ದರೆ ವರ್ಷಕ್ಕೆ 2 ಕೋಟಿಯಂತೆ ಹಂಚುತ್ತಾರೆ. ಮಾರಿದಾಗ ಬರುವ ಲಾಭ ಮಾತ್ರ ಅದೇ ವರ್ಷ ಪೂರ್ತಿ ಜಮೆ. ಹಾಗಾಗಿ ಈ ವರ್ಷ 4 ಕೋಟಿ ಲಾಭ ತೋರಿಸಿದ ಕ್ಲಬ್, ಸಂಬಳ ಬಿಟ್ಟು ನೋಡಿದರೆ, 20 ಕೋಟಿಯ ಆಟಗಾರರನ್ನು ತಂದರೂ ಈ ವರ್ಷದ ಲೆಕ್ಕ ಸರಿಹೋಗುತ್ತದೆ. ಮುಂದಿನ ನಾಲ್ಕು ವರ್ಷದ ಕಂತು ಮುಂದಿನವರ ತಲೆನೋವು.

2023ರ ಜನವರಿಯಲ್ಲಿ ಚೆಲ್ಸಿ ಎನ್ಸೊ ಫೆರ್ನಾಂಡಿಸ್‌ಗೆ 10.68 ಕೋಟಿ ಪೌಂಡ್ ಕೊಟ್ಟು ಎಂಟೂವರೆ ವರ್ಷದ ಒಪ್ಪಂದ ಬರೆಸಿತು. ಐದು ವರ್ಷಕ್ಕೆ ಹಂಚಿದ್ದರೆ ವರ್ಷಕ್ಕೆ 2.1 ಕೋಟಿ ಆಗುತ್ತಿತ್ತು. ಎಂಟೂವರೆಗೆ ಹಂಚಿದರೆ ಸುಮಾರು 1.26 ಕೋಟಿ. ಅದೇ ವರ್ಷ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ, ಆಮೇಲೆ ಪ್ರೀಮಿಯರ್ ಲೀಗ್, ಹಂಚಿಕೆಗೆ ಐದು ವರ್ಷದ ಮಿತಿ ಹಾಕಿದವು.

ಈಗಲೂ ಉಳಿದ ವರ್ಷಗಳೇ ಬೆಲೆ ಕಟ್ಟುತ್ತವೆ. 2025ರ ಸೆಪ್ಟೆಂಬರ್ 1ರಂದು ಅಲೆಕ್ಸಾಂಡರ್ ಇಸಾಕ್‌ಗೆ ಲಿವರ್‌ಪೂಲ್ 12.5 ಕೋಟಿ ಪೌಂಡ್ ಕೊಟ್ಟಿತು. ಬ್ರಿಟನ್ನಿನ ದಾಖಲೆ ಅದು. ನ್ಯೂಕ್ಯಾಸಲ್ ಜೊತೆ ಅವರಿಗೆ 2028ರ ತನಕ ಒಪ್ಪಂದ ಇತ್ತು. ಅದೇ ಬೇಸಿಗೆ ಒಪ್ಪಂದ ಮುಗಿಯುತ್ತಿದ್ದ ಅಲೆಕ್ಸಾಂಡರ್-ಆರ್ನಾಲ್ಡ್ ಲಿವರ್‌ಪೂಲ್ ಬಿಟ್ಟು ಮ್ಯಾಡ್ರಿಡ್ ಸೇರಿದರು. ಒಂದು ತಿಂಗಳು ಮುಂಚೆ ಬಿಟ್ಟುಕೊಡಲಿ ಅಂತ ಮ್ಯಾಡ್ರಿಡ್ ಸ್ವಲ್ಪ ದುಡ್ಡು ಕೊಟ್ಟಿತು, ಅಷ್ಟೇ.

ನನಗೆ ಹೊಟ್ಟೆ ಉರಿಯುವುದು ಅಕಾಡೆಮಿಯ ಹುಡುಗರ ವಿಷಯಕ್ಕೆ. ಕ್ಲಬ್ಬೇ ಬೆಳೆಸಿದ ಹುಡುಗನನ್ನು ಕೊಳ್ಳಲು ದುಡ್ಡು ಕೊಟ್ಟಿರುವುದಿಲ್ಲ. ಮಾರಿದರೆ ಹೆಚ್ಚುಕಮ್ಮಿ ಪೂರ್ತಿ ಮೊತ್ತ ಲಾಭ. 2025-26ರ ಸೀಸನ್ ತನಕ ಪ್ರೀಮಿಯರ್ ಲೀಗ್ ನಿಯಮದಲ್ಲಿ ಮೂರು ವರ್ಷಕ್ಕೆ 10.5 ಕೋಟಿ ಪೌಂಡ್ ತನಕ ನಷ್ಟಕ್ಕೆ ಅವಕಾಶ ಇತ್ತು. ಹೆಚ್ಚಿನ ಕ್ಲಬ್‌ಗಳ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. 2024ರ ಜೂನ್ ಕೊನೆಯಲ್ಲಿ ಚೆಲ್ಸಿಯ ಅಕಾಡೆಮಿಯಿಂದ ಬಂದ ಇಯಾನ್ ಮಾಟ್ಸೆನ್ ಆಸ್ಟನ್ ವಿಲ್ಲಾಗೆ ಹೋದರು, ವಿಲ್ಲಾದ 18 ವರ್ಷದ ಒಮಾರಿ ಕೆಲ್ಲಿಮನ್ ಚೆಲ್ಸಿಗೆ ಬಂದರು. ಕೆಲ್ಲಿಮನ್‌ಗೆ ಸುಮಾರು 1.9 ಕೋಟಿ ಪೌಂಡ್. ಅಲ್ಲಿಯ ತನಕ ಹಿರಿಯರ ತಂಡದಲ್ಲಿ ಅವರು ಆಡಿದ ಪಂದ್ಯಗಳು ಬೆರಳೆಣಿಕೆಯಷ್ಟು. ಎರಡೂ ಕ್ಲಬ್‌ಗಳ ಲಾಭ ಆ ವರ್ಷದ ಲೆಕ್ಕಕ್ಕೇ ಸೇರಿತು. ನಿಯಮ ಯಾರೂ ಮುರಿದಿಲ್ಲ. ನಿಯಮವೇ ಹಾಗಿತ್ತು.

ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕಥೆ ಇನ್ನೂ ಸಂಕಟದ್ದು. ಬ್ರೆನನ್ ಜಾನ್ಸನ್ ಚಿಕ್ಕಂದಿನಿಂದ ಅದೇ ಕ್ಲಬ್‌ನಲ್ಲಿ ಬೆಳೆದವರು. ಅವರ ತಂದೆ ಡೇವಿಡ್ ಕೂಡ ಅಲ್ಲೇ ಆಡಿದವರು. 23 ವರ್ಷದ ನಂತರ, 2022ರಲ್ಲಿ, ಫಾರೆಸ್ಟ್ ಪ್ರೀಮಿಯರ್ ಲೀಗ್‌ಗೆ ಮರಳಿದ್ದರಲ್ಲಿ ಬ್ರೆನನ್ ಪಾಲು ದೊಡ್ಡದು. 2023ರಲ್ಲಿ ಲೆಕ್ಕ ಸರಿದೂಗಿಸಲು ಅವರನ್ನೇ ಮಾರಬೇಕಾಯಿತು. ಜೂನ್ 30ರ ಒಳಗೆ ಮಾರಿದರೆ ಕಡಿಮೆ ಬೆಲೆ, ಕಾದರೆ ಜಾಸ್ತಿ. ಫಾರೆಸ್ಟ್ ಕಾಯಿತು. ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮ್ ಸುಮಾರು 4.75 ಕೋಟಿ ಪೌಂಡ್ ಕೊಟ್ಟಿತು. ಆದರೆ ಆ ದುಡ್ಡು ಸೇರಿದ್ದು ಮುಂದಿನ ವರ್ಷದ ಲೆಕ್ಕಕ್ಕೆ. ಒಳ್ಳೆಯ ಬೆಲೆಗಾಗಿ ಕಾದೆವು ಅನ್ನುವ ಮಾತನ್ನು ವಿಚಾರಣಾ ಸಮಿತಿ ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ, ನಷ್ಟದ ಮಿತಿ ದಾಟಿದ್ದಕ್ಕೆ, ಫಾರೆಸ್ಟ್‌ನ 4 ಅಂಕ ಕಡಿತವಾಯಿತು. ಮನೆಯ ಹುಡುಗನೂ ಹೋದ, ಅಂಕವೂ ಹೋಯಿತು.